ಒದ್ದೆ ಧೋತರದ ಶೇಕಡಾವಾರು

೧೯೯೩ನೆಯ ಇಸವಿ ಮಾರ್ಚ್ ಹದಿಮೂರು, ಶನಿವಾರ, ಬೆಳಗಿನ ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಲಂಡನ್ನಿನ ಇಲ್ಫರ್ಡಿನಲ್ಲಿದ್ದ ಆನಂದತೀರ್ಥ ಕಟ್ಟಿಯವರ ಮನೆಬಾಗಿಲ ಟಪಾಲು ಸೀಳಿನಿಂದ ಸ್ಥಳೀಯ ಕೌನ್ಸಿಲ್ಲಿನ ಕಾಗದವೊಂದು ಒಳಗೆ ಬಿತ್ತು. ವೇಳೆಯನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಕಟ್ಟಿಯವರ ದಯೆಯಿಂದ. ಮನೆಗೆ ಬಂದ ಪ್ರತಿ ಕಾಗದದ ಮೂಲೆಯಲ್ಲೂ ತಾರೀಕು, ಗಂಟೆ, ನಿಮಿಷವನ್ನು ಪೆನ್ಸಿಲ್ಲಿನಲ್ಲಿ ಬರೆದಿಡುವುದು ಅವರ ಪದ್ಧತಿ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹದಿನೇಳು ವರ್ಷ ಜನರ ರಕ್ತಮೂತ್ರಗಳ ಸೀಸೆಗಳ ಮೇಲೆ ಬರೆದು ಬರೆದು ಕೈಗೆ ಹತ್ತಿದ ಅಭ್ಯಾಸ. ಮಗಳು ಪ್ರಾಚಿಗೆ ಬಂದ ಹುಟ್ಟುಹಬ್ಬದ ಕಾರ್ಡುಗಳನ್ನೂ ಅವರು ಬಿಟ್ಟಿರಲಿಲ್ಲ.

ಕಾಗದ ಓದಿದವರು ಹೆಂಡತಿ ವೈದೇಹಿ.

"ಏನ್ರೀ ಇದು? 'ಹಾಲೋ ಮಿಯರ್ ಕೆರೆಯ ಉತ್ತರ ದಂಡೆಯಲ್ಲಿ ಸ್ನಾನ ಮಾಡುವವರಿಗೆ ಬಟ್ಟೆ ಕಡ್ಡಾಯವಲ್ಲವೆಂದು ಮಾಡುವ ಪ್ರಸ್ತಾವವಿದೆ, ಆಕ್ಷೇಪವಿದ್ದರೆ ತಿಳಿಸಿ' ಅಂತ ಬರದಾರ. ಅಂದ್ರ?"

"ಅಂದ್ರ ಬತ್ತಲೆ ಈಸಬಹುದು ಅಂತ."

"ಅಯ್ಯ! ಇಲ್ಲೆ? ಲಂಡನ್ನಿನ್ಯಾಗ? ಸ್ವೆಟರ್ ಬಿಚ್ಚಿದ್ರ ನೆಗಡಿ ಬರ್ತದ ಇಲ್ಲೆ!"

ಕಟ್ಟಿಯವರ ಕಣ್ಣು 'ಉತ್ತರ ದಂಡೆ' ಎಂಬ ಎರಡು ಶಬ್ದಗಳ ಮೇಲೆ ನಿಂತುಬಿಟ್ಟಿತ್ತು.

ಹಾಲೋ ಮಿಯರ್ ಎಂಬುದು ಹಿಂದೆ ಜಲ್ಲಿ ತೆಗೆದ ಗುಂಡಿ. ನೀರು ತುಂಬಿ ಕೆರೆಯಾಗಿ, ಸುತ್ತ ಪಾರ್ಕಾಗಿತ್ತು. ಅದರ ಉತ್ತರ ದಂಡೆ ಮಾತ್ರ ಇಳಿಜಾರು. ಅಲ್ಲಿ ನಿಂತರೆ ಪೂರ್ವ ದಿಕ್ಕು ಬಯಲಾಗಿ ಕಾಣುತ್ತಿತ್ತು. ಕಳೆದ ಒಂಬತ್ತು ವರ್ಷಗಳಿಂದ ಪ್ರತಿ ನೂಲುಹುಣ್ಣಿಮೆಗೆ ಹನ್ನೊಂದು ಕನ್ನಡ ಗಂಡಸರು ಅಲ್ಲಿಗೆ ಬಂದು, ಕೆರೆಯಲ್ಲಿ ಮುಳುಗಿ, ಒದ್ದೆ ಧೋತರದಲ್ಲೇ ಸೊಂಟದುದ್ದ ನೀರಿನಲ್ಲಿ ನಿಂತು ಅರ್ಘ್ಯ ಕೊಟ್ಟು, ದಂಡೆಯ ಮೇಲೆ ಕೂತು ಜನಿವಾರ ಬದಲಿಸುತ್ತಿದ್ದರು. ಹುಣ್ಣಿಮೆ ಯಾವ ವಾರ ಬಂದರೂ ಲಂಡನ್ನಿನಲ್ಲಿ ಅದು ಹತ್ತಿರದ ಭಾನುವಾರವೇ ಬರುತ್ತಿತ್ತು. ಮಂತ್ರ ಹೇಳಿಸುವ ವೇಣುಗೋಪಾಲ ಭಟ್ಟರು ಉಳಿದ ಹೊತ್ತಿನಲ್ಲಿ ರೇನರ್ಸ್ ಲೇನಿನ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವವರು. ಭಾನುವಾರ ಹನ್ನೊಂದಕ್ಕೆ ಅವರ ಕಾವಲಿ ಕಾಯಬೇಕಿತ್ತು.

ಇದಕ್ಕೆಲ್ಲ ಕೌನ್ಸಿಲ್ಲಿನ ಅನುಮತಿ ಉಂಟೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಫಾರಂ ಕೊಡುತ್ತಾರೆ. ಫಾರಮ್ಮಿನಲ್ಲಿ 'ಯಾವ ಕ್ರೀಡೆ?' ಎಂಬ ಕಾಲಮ್ ಇರುತ್ತದೆ. ಅದಕ್ಕೇನು ಬರೆಯುವುದು?

"ನಮ್ಮ ದಂಡಿ ಹೋತಲ್ಲ ವೈದೇಹಿ," ಎಂದರು ಕಟ್ಟಿಯವರು ಕೊನೆಗೆ. "ಬತ್ತಲೆ ಮಂದಿ ನಡುವೆ ನಿಂತು ಗಾಯತ್ರಿ ಹ್ಯಾಂಗ ಮಾಡೂದು?"

"ಹಂಗಂತ ಹೋಗಿ ಹೇಳ್ರಿ ಅವರಿಗೆ."

ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಟ್ಟಿಯವರು ವಿಜ್ಞಾನ ಓದಿದವರು. ಸ್ವಂತದ ಕಾರಣವನ್ನು ಸಭೆಯಲ್ಲಿ ಹೇಳುವುದು ಅವರಿಗೆ ಕೀಳೆನಿಸುತ್ತಿತ್ತು. ಸಾರ್ವತ್ರಿಕವಾದ ಕಾರಣವೊಂದು ಬೇಕಿತ್ತು.

*

ವಿರೋಧಿಸುವವರ ಸಭೆ ಚರ್ಚಿನ ಹಾಲಿನಲ್ಲಿ ಸೇರಿತು. ಅಧ್ಯಕ್ಷೆ ಕಟ್ಟಿಯವರ ಎರಡು ಮನೆ ಆಚೆಯ ಮಿಸೆಸ್ ಹಚಿನ್ಸ್. ಬೀದಿಯಲ್ಲಿ ಯಾರ ಬೆಕ್ಕು ಯಾರ ಗೋಡೆ ಹಾರಿತೆಂಬುದಕ್ಕೆ ಪರದೆಯ ಹಿಂದಿನಿಂದ ಸಾಕ್ಷಿಯಾಗಿರುತ್ತಿದ್ದ ಮಹಿಳೆ. ನ್ಯಾಯವಾಗಿ ನಡೆಯಲೆಂದು ಬೆತ್ತಲೆ ಸ್ನಾನದವರ ಸಂಘದ ಕಾರ್ಯದರ್ಶಿಯನ್ನೂ ಆಕೆ ಕರೆದಿದ್ದರು. ಅವನು ಯಾವ ವೇಷದಲ್ಲಿ ಬರುತ್ತಾನೋ ಎಂಬ ಕುತೂಹಲದಿಂದಲೇ ಅರ್ಧ ಹಾಲು ತುಂಬಿತ್ತು. ಬಂದವರು ಗಾಡ್‌ಫ್ರಿ ಲ್ಯಾಂಬ್ ಎಂಬ ನಿವೃತ್ತ ರೈಲ್ವೆ ವೇಳಾಪಟ್ಟಿ ಅಧಿಕಾರಿ. ಕೋಟು, ಒಳಕೋಟು, ಟೈ, ಟೈಗೆ ಪಿನ್ನು, ಕೈಯಲ್ಲಿ ಛತ್ರಿ. ಇಡೀ ಸಭೆಯಲ್ಲಿ ಅತಿ ಹೆಚ್ಚು ಬಟ್ಟೆ ಧರಿಸಿದ್ದವರು ಅವರೇ. ಜನರಿಗೆ ತುಂಬ ನಿರಾಶೆಯಾಯಿತು.

ಒಬ್ಬರಾದ ಮೇಲೊಬ್ಬರು ಎದ್ದು ಮಕ್ಕಳು, ನಾಯಿಗಳು, ನಾಗರಿಕತೆ ಎಂದು ಕೂಗಾಡಿದ ಮೇಲೆ ಕಟ್ಟಿಯವರು ಎದ್ದುನಿಂತರು.

"ಎಲ್ಲರೂ ಬಟ್ಟೆ, ಬಟ್ಟೆ ಎನ್ನುತ್ತಿದ್ದೀರಿ. ಬಟ್ಟೆ ಎಂದರೆ ಏನು? ಕರವಸ್ತ್ರ ಬಟ್ಟೆಯೆ? ಸೊಳ್ಳೆಪರದೆ ಬಟ್ಟೆಯೆ? ಅಳೆಯಲು ಬಾರದ ವಸ್ತುವಿನ ಮೇಲೆ ಕಾನೂನು ಮಾಡುವುದು ಹೇಗೆ?"

ಇಂಥ ಆಳವಾದ ಪ್ರಶ್ನೆ ಆ ಹಾಲಿನಲ್ಲಿ ಎದ್ದದ್ದೇ ಇಲ್ಲವೆಂದು ಕಾಣುತ್ತದೆ.

"ಇವರು ಆಸ್ಪತ್ರೆಯವರು!" ಎಂದು ಮಿಸೆಸ್ ಹಚಿನ್ಸ್ ಹೆಮ್ಮೆಯಿಂದ ಸಾರಿದರು. "ನಮ್ಮ ಬೀದಿಯವರು! ಡಾಕ್ಟರ್ ಕಟ್ಟಿ!"

ಚಪ್ಪಾಳೆ ಬಿತ್ತು. ತಾವು ಡಾಕ್ಟರಲ್ಲ, ಕರ್ನಾಟಕ ವಿಶ್ವವಿದ್ಯಾಲಯದ ಬರೀ ಎಂ.ಎಸ್ಸಿ. ಎಂದು ತಿದ್ದಬೇಕೆಂದು ಕಟ್ಟಿಯವರಿಗೆ ಖಂಡಿತವಾಗಿ ಇತ್ತು. ಚಪ್ಪಾಳೆ ನಿಲ್ಲಲೆಂದು ಕಾದರು. ಅದು ನಿಲ್ಲುವಷ್ಟರಲ್ಲಿ ಅವರನ್ನು ವಿರೋಧ ಸಮಿತಿಯ ಉಪಾಧ್ಯಕ್ಷರನ್ನಾಗಿ, ವೈಜ್ಞಾನಿಕ ಸಲಹೆಗಾರರನ್ನಾಗಿ ಆರಿಸಿಯಾಗಿತ್ತು. ಅಂಥ ಹೊತ್ತಿನಲ್ಲಿ ತಿದ್ದುವುದು ಸಮಿತಿಗೆ ಅವಮಾನವಾಗುತ್ತದೆಂದು ಸುಮ್ಮನಾದರು.

ಹೊರಗೆ ಹೋಗುವಾಗ ಲ್ಯಾಂಬ್ ಅವರ ಕೈ ಕುಲುಕಿ, "ಬಹಳ ಒಳ್ಳೆಯ ಪ್ರಶ್ನೆ, ಡಾಕ್ಟರ್. ನಿಮ್ಮ ಅಳತೆಗೆ ನಾನೂ ಕಾಯುತ್ತೇನೆ," ಎಂದರು.

*

ಅಳತೆ ತಯಾರಾಗಲು ಏಳು ವಾರ ಹಿಡಿಯಿತು. ಪ್ರಯೋಗಾಲಯದಲ್ಲಿ ಸೀಸೆಯೊಳಗಿನ ದ್ರವದಲ್ಲಿ ಬೆಳಕು ಎಷ್ಟು ತೂರಿಹೋಗುತ್ತದೆಂದು ನೋಡುವ ಯಂತ್ರವಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಟ್ಟಿಯವರು ಸೀಸೆಯ ಜಾಗದಲ್ಲಿ ಬಟ್ಟೆಯ ತುಂಡು ಸಿಕ್ಕಿಸಿ ಅಳೆದರು. ಬಿದ್ದ ಬೆಳಕಿನಲ್ಲಿ ಶೇಕಡಾ ಮೂವತ್ತಕ್ಕಿಂತ ಹೆಚ್ಚು ಆಚೆಗೆ ದಾಟಿದರೆ ಅದು ಬಟ್ಟೆಯಲ್ಲ, ಅದನ್ನುಟ್ಟವನು ಶಾಸ್ತ್ರೀಯವಾಗಿ ಬೆತ್ತಲೆ: ಇದು ಕಟ್ಟಿ ಪ್ರಮಾಣ. ಇಪ್ಪತ್ತೆರಡು ಬಟ್ಟೆಗಳನ್ನು ಒಣಗಿದಾಗ ಒಮ್ಮೆ, ಒದ್ದೆಯಾದಾಗ ಒಮ್ಮೆ ಅಳೆದು ದೊಡ್ಡ ಕೋಷ್ಟಕ ಮಾಡಿದರು. ಮಿಸೆಸ್ ಹಚಿನ್ಸರ ಕಿಟಕಿಯ ಪರದೆ ಶೇಕಡಾ ಎಪ್ಪತ್ತೊಂದು ಬಂತು. ಅದನ್ನು ಆಕೆಗೆ ಹೇಳಲಿಲ್ಲ.

ಸಂಶೋಧನೆಯ ಬಿಸಿ ಮೊದಲು ತಟ್ಟಿದ್ದು ಮನೆಗೆ.

"ನನ್ನ ಇಳಕಲ್ ಸೀರಿ ಸೆರಗಿನ್ಯಾಗ ಕಿಟಕಿ ಯಾರು ಕೊರದಾರ?" ಎಂದು ವೈದೇಹಿ ಮಹಡಿಯಿಂದಲೇ ಕೂಗಿದರು.

"ಎರಡು ಸೆಂಟಿಮೀಟರ್ ಚೌಕ ಅಷ್ಟ. ಛಲೋ ಫಲಿತಾಂಶ ಬಂದದ. ಶೇಕಡಾ ಐದೂ ದಾಟಿಲ್ಲ. ಅತ್ಯಂತ ಮರ್ಯಾದಸ್ಥ ಬಟ್ಟಿ."

"ಈಗ ಆ ತೂತಿನಾಗಿಂದ ನೂರಕ್ಕ ನೂರು ದಾಟ್ತದಲ್ಲ, ಅದನ್ನೂ ಬರಕೊಳ್ರಿ!"

ಎರಡನೆಯ ಬಿಸಿ ಫೋನಿನಲ್ಲಿ ಬಂತು. ಕಟ್ಟಿಯವರು ನ್ಯೂಡ್ ಬೀಚ್ ವಿರೋಧಿ ಸಮಿತಿ ಸೇರಿದ್ದಾರೆಂದು ವೈದೇಹಿ ಒಬ್ಬರಿಗೆ ಹೇಳಿದ್ದರು. ಸುದ್ದಿ ಇಲ್ಫರ್ಡಿನಿಂದ ರೇನರ್ಸ್ ಲೇನಿಗೆ ಹೋಗುವಾಗ 'ವಿರೋಧಿ' ಎಲ್ಲೋ ಟ್ಯೂಬಿನಲ್ಲಿ ಕಳೆದುಹೋಯಿತು. ಹೌನ್ಸ್ಲೋ ತಲುಪುವಷ್ಟರಲ್ಲಿ ಕಟ್ಟಿಯವರು ಬತ್ತಲೆ ಸಂಘದ ಅಧ್ಯಕ್ಷರಾಗಿದ್ದರು. ಅಲ್ಲಿಂದ, ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ ಕುಂದಾಪುರದ ಶೀನಪ್ಪ ಫೋನು ಮಾಡಿ ದನಿ ತಗ್ಗಿಸಿ ಕೇಳಿದ:

"ಕಟ್ಟಿಯವ್ರೇ, ನಂಗೆ ಆಸಕ್ತಿ ಎಂತದೂ ಇಲ್ಲ, ಸುಮ್ನೆ ಕೇಳುದು. ಮೆಂಬರ್ ಆಪುಕೆ ಹೆಂಡ್ತಿಯೂ ಬರ್ಕಾ, ಒಬ್ನೇ ಬಂದ್ರೂ ಅಡ್ಡಿಲ್ಯಾ?"

ಮೂರು ದಿನದ ಮೇಲೆ ಧಾರವಾಡದಿಂದ ವೈದೇಹಿಯ ಅಣ್ಣನ ಟ್ರಂಕ್ ಕಾಲ್ ಬಂತು. "ಭಾವಾವರ ಆರೋಗ್ಯ ಹ್ಯಾಂಗದ ತಂಗಿ? ತಲಿ ಬಗ್ಗೆ ಕೇಳ್ಲಿಕ್ಕತ್ತೇನಿ."

ವೇಣುಗೋಪಾಲ ಭಟ್ಟರು ಮಾತ್ರ ನೇರವಾಗಿ ಮನೆಗೇ ಬಂದರು. ಎಲ್ಲ ಕೇಳಿ, ತಲೆ ಕೆರೆದುಕೊಂಡು, "ಅಲ್ಲ ಮಾರಾಯ್ರೆ, 'ನಾವು ವರ್ಷಕ್ಕೊಂದು ಸಲ ಅಲ್ಲಿ ಮೀಯುತ್ತೇವೆ, ಆ ಜಾಗ ನಮಗೆ ಬಿಡಿ' ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ? ಅದಕ್ಕೆ ಇಷ್ಟು ದೊಡ್ಡ ಯಂತ್ರ ಯಾಕೆ?" ಎಂದರು.

"ಭಟ್ರ, ನಿಮಗ ವಿಧಾನ ಗೊತ್ತಾಗೂದಿಲ್ಲ."

"ಅದೂ ಸರಿಯೇ," ಎಂದು ಭಟ್ಟರು ಒಪ್ಪಿಕೊಂಡು ಕಾಫಿ ಕುಡಿದರು.

*

ಜೂನ್ ಹದಿನೇಳರ ಸಂಜೆ ಏಳು ಗಂಟೆಗೆ ಕೌನ್ಸಿಲ್ಲಿನ ಬಹಿರಂಗ ವಿಚಾರಣೆ. ಕಟ್ಟಿಯವರ ಮನೆಯವರೆಲ್ಲ ಹೋದರು. ಭಟ್ಟರು ಒಂದು ಪೊಟ್ಟಣ ಚಕ್ಕುಲಿ ಹಿಡಿದುಕೊಂಡು ಬಂದರು. ಪಾರ್ಕುಗಳ ಅಧಿಕಾರಿ ಪೆನ್‌ರೋಸ್ ಎಂಬ ಬಡಕಲು ಮನುಷ್ಯ ವಿಷಯ ಬಿಡಿಸಿಟ್ಟ. ಉತ್ತರ ದಂಡೆ ಯಾರೂ ಬಳಸದೆ ಬಿದ್ದಿದೆ. ಬೆತ್ತಲೆ ಸ್ನಾನದವರಿಗೆ ಕೊಡದಿದ್ದರೆ ಅದಕ್ಕೆ ಬೇಲಿ ಹಾಕಿ ವಾಟರ್ ಸ್ಕೀ ಕ್ಲಬ್ಬಿಗೆ ಕೊಡಲಾಗುವುದು, ಬೇರೆಯವರಿಗೆ ಪ್ರವೇಶವಿಲ್ಲ.

ಬೇಲಿಯ ಮಾತು ಕಟ್ಟಿಯವರು ಕೇಳಿದ್ದು ಅದೇ ಮೊದಲು. ಗೆದ್ದರೂ ದಂಡೆ ಹೋಗುತ್ತದೆ, ಸೋತರೂ ಹೋಗುತ್ತದೆ ಎಂಬುದನ್ನು ಅವರು ಲೆಕ್ಕ ಹಾಕುತ್ತಿರುವಾಗಲೇ ಮಿಸೆಸ್ ಹಚಿನ್ಸ್ ಎದ್ದು, ಡಾಕ್ಟರ್ ಕಟ್ಟಿಯವರ ಕೋಷ್ಟಕದ ಪ್ರತಿಗಳನ್ನು ಎಲ್ಲರಿಗೂ ಹಂಚಿದರು. ಎಲ್ಲರೂ ಅದನ್ನು ಮಡಿಸಿ ಗಾಳಿ ಹಾಕಿಕೊಂಡರು. ಓದಿದವರು ಲ್ಯಾಂಬ್ ಒಬ್ಬರೇ.

"ಇಷ್ಟು ಚೊಕ್ಕ ಕೆಲಸವನ್ನು ನಾನು ವೇಳಾಪಟ್ಟಿಗಳಲ್ಲೂ ಕಂಡಿಲ್ಲ," ಎಂದು ಅವರು ಟೈ ಸರಿಮಾಡಿಕೊಂಡು ಶುರುಮಾಡಿದರು. "ಈ ಪ್ರಮಾಣವನ್ನು ನಮ್ಮ ಸಂಘ ಪೂರ್ತಿ ಒಪ್ಪುತ್ತದೆ. ಈಗ ಒಂದು ಚಿತ್ರ ನೋಡಿ. ಎರಡು ವರ್ಷದ ಹಿಂದೆ, ಹಕ್ಕಿ ನೋಡಲು ಹೋದಾಗ ನಾನೇ ತೆಗೆದದ್ದು. ನಮ್ಮ ಅರ್ಜಿಗೆ ಪ್ರೇರಣೆಯೇ ಇದು."

ದೀಪ ಆರಿತು. ಪರದೆಯ ಮೇಲೆ ಹಾಲೋ ಮಿಯರಿನ ಉತ್ತರ ದಂಡೆ ಮೂಡಿತು. ನೀರಿನಿಂದ ಮೇಲೆ ಬರುತ್ತಿದ್ದ ಹನ್ನೊಂದು ಮಂದಿಯ ಬೆನ್ನುಗಳು. ಮೈಗಂಟಿದ ಬಿಳಿ ಬಟ್ಟೆಯಲ್ಲಿ ಯಾವ ರಹಸ್ಯವೂ ಉಳಿದಿರಲಿಲ್ಲ.

"ಅಯ್ಯಯ್ಯೋ, ಎಡದಿಂದ ಮೂರನೆಯವ ನಾನಲ್ವಾ?" ಎಂದು ಭಟ್ಟರು ಕತ್ತಲಲ್ಲಿ ಉದ್ಗರಿಸಿದರು. ಅದು ಕನ್ನಡದಲ್ಲಿದ್ದದ್ದು ಪುಣ್ಯ. "ಸ್ವಲ್ಪ ದಪ್ಪ ಕಾಣ್ತೇನೆ."

"ಡ್ಯಾಡ್," ಎಂದು ಪ್ರಾಚಿ ಇಂಗ್ಲಿಷಿನಲ್ಲಿ ಕಿವಿಯಲ್ಲುಸುರಿದಳು, "ನಾಲ್ಕನೆಯದು ನೀನು. ನಾನಿನ್ನು ಸ್ಕೂಲಿಗೆ ಹೋಗಲ್ಲ."

"ನಾಚಿಕೆಗೇಡು!" ಎಂದು ಮಿಸೆಸ್ ಹಚಿನ್ಸ್ ಕೂಗಿದರು. "ಯಾರು ಈ ಜನ?"

"ಗೊತ್ತಿಲ್ಲ," ಎಂದರು ಲ್ಯಾಂಬ್. "ಆದರೆ ಪ್ರತಿ ಆಗಸ್ಟಿನಲ್ಲೂ ಬರುತ್ತಾರೆ. ಬಹಳ ಶಿಸ್ತಿನವರು. ಕಸವನ್ನೂ ಎತ್ತಿಕೊಂಡು ಹೋಗುತ್ತಾರೆ. ಡಾಕ್ಟರ್ ಕಟ್ಟಿಯವರ ಕೋಷ್ಟಕದ ಹದಿನಾಲ್ಕನೆಯ ಸಾಲು ನೋಡಿ. ತೆಳು ಬಿಳಿ ಹತ್ತಿ, ಭಾರತೀಯ. ಒಣಗಿದ್ದಾಗ ಇಪ್ಪತ್ತೆರಡು, ಬಟ್ಟೆ. ಒದ್ದೆಯಾದಾಗ ನಲವತ್ತೊಂದು ಪಾಯಿಂಟ್ ಆರು! ಅಂದರೆ ಈ ಮಹನೀಯರು ವೈಜ್ಞಾನಿಕವಾಗಿ ಬೆತ್ತಲೆ. ಇಷ್ಟು ವರ್ಷ ಯಾರೂ ದೂರು ಕೊಟ್ಟಿಲ್ಲ. ಹಾಗಿದ್ದ ಮೇಲೆ ನಮ್ಮದೇನು ತಪ್ಪು? ಸಾಲು ಸರಿ ತಾನೆ, ಡಾಕ್ಟರ್?"

ಎಲ್ಲರೂ ಕಟ್ಟಿಯವರ ಕಡೆ ತಿರುಗಿದರು. ಸುಳ್ಳು ಹೇಳಬಹುದಿತ್ತು. ಆದರೆ ಅದು ಮೂರು ಸಲ ಅಳೆದು ಸರಾಸರಿ ತೆಗೆದ ಸಂಖ್ಯೆ.

"ಸರಿ," ಎಂದರು.

ಕೌನ್ಸಿಲ್ಲಿನವರು ಚಹಾ ಕುಡಿಯುತ್ತ ಅರ್ಧ ಗಂಟೆ ಚರ್ಚಿಸಿ ತೀರ್ಮಾನ ಹೇಳಿದರು. ಆಗಸ್ಟ್ ಒಂದು, ಭಾನುವಾರ, ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಪ್ರಾಯೋಗಿಕ ಸ್ನಾನ. ಕಟ್ಟಿ ಪ್ರಮಾಣದಂತೆ ಬೆತ್ತಲೆ ಎನಿಸುವವರು ಹತ್ತಕ್ಕಿಂತ ಹೆಚ್ಚು ಬಂದು, ಸ್ಥಳದಲ್ಲಿ ಒಂದೂ ದೂರು ಬರದಿದ್ದರೆ ದಂಡೆ ಸ್ನಾನದವರಿಗೆ. ಇಲ್ಲದಿದ್ದರೆ ಬೇಲಿ.

"ಆಗಸ್ಟ್ ಒಂದು ಅಂದ್ರ..." ವೈದೇಹಿ ಬೆರಳೆಣಿಸಿದರು. "ಅಲ್ರೀ, ಸೋಮವಾರ ನೂಲುಹುಣ್ಣಿಮಿ!"

ಮನೆಗೆ ಮರಳುವ ಬಸ್ಸಿನಲ್ಲಿ ಕಟ್ಟಿಯವರು ಭಟ್ಟರ ಕೈ ಹಿಡಿದುಕೊಂಡು ಬೇಡಿಕೊಂಡರು. "ಒಂದು ವಾರ ಮುಂದ ಹಾಕ್ರಿ."

"ಒಂದು ದಿನ ಎಳೆದದ್ದೇ ಹೆಚ್ಚಾಯ್ತು ಮಾರಾಯ್ರೆ. ಹುಣ್ಣಿಮೆ ಏನು ದೋಸೆ ಹಿಟ್ಟಾ, ಎಳೆದಷ್ಟೂ ಹರಡ್ಲಿಕ್ಕೆ?"

*

ಆಗಸ್ಟ್ ಒಂದರ ಬೆಳಿಗ್ಗೆ ಗಾಳಿ ಹರಿತವಾಗಿ ಬೀಸುತ್ತಿತ್ತು, ತುಂತುರು ಅಡ್ಡಡ್ಡ ಬೀಳುತ್ತಿತ್ತು. ಉತ್ತರ ದಂಡೆಯ ಮೇಲೆ ಲ್ಯಾಂಬರ ಸಂಘದ ನಲವತ್ತು ಜನ ಸೇರಿದ್ದರು. ನಲವತ್ತೂ ಜನ ರೇನ್‌ಕೋಟು, ಮಫ್ಲರು, ಉಣ್ಣೆಯ ಟೋಪಿಗಳಲ್ಲಿದ್ದರು. ಎದುರಿಗೆ ಮಡಿಸುವ ಕುರ್ಚಿಯ ಮೇಲೆ ಮಿಸೆಸ್ ಹಚಿನ್ಸ್. ತೊಡೆಯ ಮೇಲೆ ದುರ್ಬೀನು, ಕಾಲಬಳಿ ದೊಡ್ಡ ಫ್ಲಾಸ್ಕು. ನಡುವೆ ಪೆನ್‌ರೋಸ್, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ದಾರಕ್ಕೆ ಕಟ್ಟಿದ ಥರ್ಮಾಮೀಟರು.

ತುಸು ದೂರದಲ್ಲಿ ಶೀನಪ್ಪನ ವ್ಯಾನು ನಿಂತಿತ್ತು. ಒಳಗೆ ಹನ್ನೊಂದು ಜನ ಧೋತರದ ಮೇಲೆ ಓವರ್‌ಕೋಟು ಹಾಕಿಕೊಂಡು ಕೂತಿದ್ದರು. ಅವರಿಗೆಲ್ಲ ಮೇಲುಸ್ತುವಾರಿಗೆಂದು ಒಣಬಟ್ಟೆ, ಅವಲಕ್ಕಿ ಡಬ್ಬಿಯೊಂದಿಗೆ ವೈದೇಹಿ, ಟವಲುಗಳ ಗಂಟಿನೊಂದಿಗೆ ಪ್ರಾಚಿ.

"ಅವರು ಸ್ನಾನ ಮುಗಿಸಿ ಹೋಗಲಿ, ಆಮ್ಯಾಲೆ ನಾವು," ಎಂದರು ಕಟ್ಟಿಯವರು.

ಎಂಟು ಗಂಟೆಯಾಯಿತು. ಯಾರೂ ಒಂದು ಗುಂಡಿಯನ್ನೂ ಬಿಚ್ಚಲಿಲ್ಲ. ಕಟ್ಟಿಯವರು ಇಳಿದುಹೋಗಿ ಲ್ಯಾಂಬರನ್ನು ಕೇಳಿದರು:

"ಏಕೆ? ಶುರು ಮಾಡುವುದಿಲ್ಲವೆ?"

"ನಾವು ಪ್ರಕೃತಿಯ ಆರಾಧಕರು, ಡಾಕ್ಟರ್," ಎಂದರು ಲ್ಯಾಂಬ್, ಮೂಗಿನಿಂದ ನೀರು ಒರೆಸಿಕೊಳ್ಳುತ್ತ. "ಹುಚ್ಚರಲ್ಲ."

ಎಂಟೂವರೆಗೆ ಪೆನ್‌ರೋಸ್ ಕಾಗದದ ಮೇಲೆ ಸೊನ್ನೆ ಬರೆದ. "ಇನ್ನರ್ಧ ಗಂಟೆ. ಬೇಲಿಯವರು ನಾಳೆಯೇ ಬರುತ್ತಾರೆ. ಕಂಬಗಳು ಬಂದಿಳಿದಿವೆ."

ಕಂಬಗಳನ್ನು ಕಟ್ಟಿಯವರು ಕಣ್ಣಾರೆ ನೋಡಿದರು. ಭಟ್ಟರು ಪ್ರತಿ ವರ್ಷ ದರ್ಭೆ ಹರಡುವ ಜಾಗದ ಮೇಲೇ ಅವನ್ನು ರಾಶಿ ಹಾಕಲಾಗಿತ್ತು. ವ್ಯಾನಿನ ಬಳಿಗೆ ವಾಪಸು ಬಂದರು. ಭಟ್ಟರು ಗಡಿಯಾರ ನೋಡಿದರು.

"ಕಟ್ಟಿಯವ್ರೇ, ನಂಗೆ ಹನ್ನೊಂದಕ್ಕೆ ಕಾವಲಿ. ಅವರು ಮೀಯುದಿಲ್ಲ, ನೀವು ಮೀಯಲು ಬಿಡುದಿಲ್ಲ. ಇವತ್ತು ಯಾರ ಹಬ್ಬ, ಒಮ್ಮೆ ಹೇಳಿ."

ಕಟ್ಟಿಯವರು ಮಿಸೆಸ್ ಹಚಿನ್ಸರ ದುರ್ಬೀನಿನ ಕಡೆ ಒಮ್ಮೆ ನೋಡಿದರು. ಕಂಬಗಳ ಕಡೆ ಒಮ್ಮೆ. ಆಮೇಲೆ ಓವರ್‌ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು.

"ನಡೀರಿ."

ಹನ್ನೊಂದು ಜನ ಸಾಲಾಗಿ ನಡೆದು, ಮಫ್ಲರಿನವರ ನಡುವಿನಿಂದ ಹಾದು, ನೀರಿಗಿಳಿದು, 'ಗೋವಿಂದ!' ಎಂದು ಒಟ್ಟಿಗೇ ಮುಳುಗಿದರು. ಎದ್ದಾಗ ಹನ್ನೊಂದು ಬಾಯಿಂದಲೂ ಯಾವ ವೇದದಲ್ಲೂ ಇಲ್ಲದ ಒಂದೇ ಸ್ವರ ಹೊರಟಿತು. ಮಫ್ಲರಿನವರು ಟೋಪಿ ತೆಗೆದು ಗೌರವ ಸೂಚಿಸಿದರು. ಲ್ಯಾಂಬ್, "ಅವರೇ! ಅದೇ ಬೆನ್ನುಗಳು!" ಎಂದು ಛತ್ರಿ ಎತ್ತಿ ಕುಣಿದರು.

ಅರ್ಘ್ಯ ಮುಗಿಯಿತು. ಪೆನ್‌ರೋಸ್ ಬೂಟಿನ ತುದಿ ನೆನೆಯುವಷ್ಟು ಹತ್ತಿರ ಬಂದು, "ಕ್ಷಮಿಸಿ, ಡಾಕ್ಟರ್," ಎಂದು ಕೂಗಿದ. "ನಿಮ್ಮನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕೆ? ನೀವು ಬಟ್ಟೆ ಉಟ್ಟಿದ್ದೀರೋ, ಇಲ್ಲವೋ?"

ಕೆರೆಯಲ್ಲಿ ಸೊಂಟದುದ್ದಕ್ಕೆ ನಿಂತು, ಹಲ್ಲು ಕಟಕಟಿಸುತ್ತ, ಆನಂದತೀರ್ಥ ಕಟ್ಟಿಯವರು ಜೀವಮಾನದಲ್ಲಿ ಮೊದಲ ಸಲ ಸ್ವಂತದ ವಿಷಯವನ್ನು ಸಭೆಯ ಎದುರು ಹೇಳಿದರು.

"ಹದಿನಾಲ್ಕನೆಯ ಸಾಲು. ನಲವತ್ತೊಂದು ಪಾಯಿಂಟ್ ಆರು. ಮೂವತ್ತಕ್ಕಿಂತ ಹೆಚ್ಚು. ನಾವು ಬೆತ್ತಲೆ! ಒಂಬತ್ತು ವರ್ಷದಿಂದ ಬೆತ್ತಲೆ! ಇದು ನಮ್ಮ ದಂಡೆ! ಇನ್ನೊಂದು ಮಾತು: ನಾನು ಡಾಕ್ಟರೂ ಅಲ್ಲ! ಎಂ.ಎಸ್ಸಿ.!"

"ಇಷ್ಟು ದಿನಕ್ಕ ಒಂದು ಖರೇ ಮಾತು ಬಂತು," ಎಂದರು ವೈದೇಹಿ ದಂಡೆಯ ಮೇಲಿಂದ.

ಪೆನ್‌ರೋಸ್ ಮಿಸೆಸ್ ಹಚಿನ್ಸರ ಕಡೆ ತಿರುಗಿದ. "ಮೇಡಂ, ದೂರು ಕೊಡುತ್ತೀರಾ?"

ಆಕೆ ದುರ್ಬೀನು ಕೆಳಗಿಟ್ಟರು. ಬೇಕಾದ್ದಕ್ಕಿಂತ ಸ್ವಲ್ಪ ತಡವಾಗಿಯೇ ಇಟ್ಟರೆಂದು ಪ್ರಾಚಿ ಆಮೇಲೆ ಹೇಳಿದಳು. ನೀರಿನಲ್ಲಿ ನೀಲಿಗಟ್ಟುತ್ತಿದ್ದ ತಮ್ಮ ಉಪಾಧ್ಯಕ್ಷರನ್ನು ಆಕೆ ದಿಟ್ಟಿಸಿ ನೋಡಿದರು.

"ಅವರೇನು ಮಾಡುತ್ತಿದ್ದಾರೆ?"

"ಪ್ರಾರ್ಥನೆ," ಎಂದಳು ಪ್ರಾಚಿ.

"ಈ ಚಳಿಯಲ್ಲಿ?" ಮಿಸೆಸ್ ಹಚಿನ್ಸ್ ಎದ್ದು ಫ್ಲಾಸ್ಕು ಎತ್ತಿಕೊಂಡರು. "ನಮ್ಮ ಚರ್ಚಿನಲ್ಲಿ ಹೀಟರ್ ಕೆಟ್ಟ ದಿನ ಮೂರು ಜನವೂ ಬರುವುದಿಲ್ಲ. ದೂರಂತೆ ದೂರು! ನೀನು ಆ ಟವಲುಗಳನ್ನು ಎತ್ತಿಕೊ ಮಗು. ಮಿಸ್ಟರ್ ಕಟ್ಟಿ, ಮೇಲೆ ಬನ್ನಿ, ಚಹಾ ಆರುತ್ತದೆ!"

ಮೂರು ವಾರದ ಮೇಲೆ ಬಂದ ಕಾಗದದ ಮೂಲೆಯಲ್ಲಿ ಕಟ್ಟಿಯವರು ಆಗಸ್ಟ್ ಇಪ್ಪತ್ತೊಂದು, ಒಂಬತ್ತು ಗಂಟೆ ಐವತ್ತು ನಿಮಿಷ ಎಂದು ಬರೆದುಕೊಂಡು ಓದಿದರು. ಬೇಲಿ ರದ್ದಾಗಿತ್ತು. ದಂಡೆ ಸ್ನಾನದವರಿಗೆ ಮುಕ್ತವಾಗಿತ್ತು. ಅದರ ಖಾಯಂ ಬಳಕೆದಾರರೆಂದು ಮೊದಲ ಹೆಸರು ಆನಂದತೀರ್ಥ ಕಟ್ಟಿಯವರದೇ ದಾಖಲಾಗಿತ್ತು. ವೈದೇಹಿ ಅದನ್ನು ಕಸಿದುಕೊಂಡು, ಧಾರವಾಡದ ಅಣ್ಣನಿಗೆ ಎಂದಿಗೂ ಕಾಣದಂತೆ, ತೂತಾದ ಇಳಕಲ್ ಸೀರೆಯ ಮಡಿಕೆಯೊಳಗೆ ಇಟ್ಟರು. ಇಡುವ ಮೊದಲು ಕೆಳಗಿನ ಎರಡು ಸಾಲುಗಳನ್ನು ಗಟ್ಟಿಯಾಗಿ ಓದಿ ಹೇಳಿದರು.

ಬೆತ್ತಲೆ ಸ್ನಾನ ಮಾಡಿದವರು: ಹನ್ನೊಂದು. ನೀರಿನ ಉಷ್ಣತೆ: ಹದಿನಾಲ್ಕೂವರೆ ಡಿಗ್ರಿ ಸೆಲ್ಸಿಯಸ್.